ಉಚಿತ ಹೆರಿಗೆಗೆ ಮಾಡಿದ ಸಾಲ

ನಮ್ಮ ಚಿಗವ್ವನ ಮನೆಯಲ್ಲಿ ಒಂದು ಉದ್ದನೆಯ ವಹಿ ಇದೆ. ಬಾಗಲಕೋಟೆ ಜಿಲ್ಲೆಯ ನೇಕಾರರ ಊರು ಅದು. ವಹಿಯ ಮುಂದಿನ ಪುಟಗಳಲ್ಲಿ ಕಾಕಾ ಮಗ್ಗದ ಲೆಕ್ಕ ಬರೆಯುತ್ತಾರೆ. ಎಷ್ಟು ನೂಲು ತಂದದ್ದು, ಎಷ್ಟು ಖಣ ನೇಯ್ದು ಕೊಟ್ಟದ್ದು, ಎಷ್ಟು ಮಜೂರಿ ಬಂದದ್ದು. ಅದೇ ವಹಿಯನ್ನು ಹಿಂದಿನಿಂದ ತೆರೆದರೆ ಮನೆಯ ಖರ್ಚು. ತಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಕಾಕಾ ಅಲ್ಲೊಂದು ಹೊಸ ಪುಟ ಶುರು ಮಾಡಿದ್ದರು. ಮೇಲೆ 'ಶ್ರೀ', ಅದರ ಕೆಳಗೆ 'ಹೆರಿಗಿ ಖರ್ಚು'.

ಕಳೆದ ಸಲ ಹೋದಾಗ ಆ ಪುಟ ತೋರಿಸಿದರು. ಸ್ಕ್ಯಾನಿಂಗ್ ಎರಡು ಸಲ, 2,400. ಹೊರಗಿನ ಲ್ಯಾಬಿನಲ್ಲಿ ರಕ್ತ ತಪಾಸಣೆ, 900. ಹೊರಗಿಂದ ತಂದ ಔಷಧ, 1,850. ರಾತ್ರಿ ದೊಡ್ಡಾಸ್ಪತ್ರೆಗೆ ಗಾಡಿ ಬಾಡಿಗೆ, 3,000. ಆರು ದಿನ ಜೊತೆಗಿದ್ದವರ ಊಟ, ಚಹಾ, ನೀರು, 3,600. 'ಖುಷಿ' ಅಂತ ಕೊಟ್ಟದ್ದು, 1,500. ವಾಪಸ್ ಬಂದ ಗಾಡಿ, 2,000. ಒಟ್ಟು 15,250. ಕೆಳಗೆ ಗೆರೆ ಎಳೆದು 'ಸಂಘದ ಸಾಲ 15,000' ಅಂತ ಬರೆದಿದ್ದರು.

ಹೆರಿಗೆ ಆದದ್ದು ಸರ್ಕಾರಿ ಆಸ್ಪತ್ರೆಯಲ್ಲಿ. ಸಿಸೇರಿಯನ್. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. "ಆಸ್ಪತ್ರಿ ಬಿಲ್ ಒಂದ್ ರೂಪಾಯಿ ಇಲ್ಲ ನೋಡೋ ತಮ್ಮಾ, ಎಲ್ಲಾ ಪುಗಸಟ್ಟೆ. ಹಂಗಾರ ಇಷ್ಟ್ ರೊಕ್ಕ ಎಲ್ಲಿ ಹೋತು, ನೀನ ಹೇಳು" ಅಂದರು ಕಾಕಾ. ಅವರು ಯಾರನ್ನೂ ಬೈಯಲಿಲ್ಲ. ಲೆಕ್ಕ ಇಟ್ಟು ರೂಢಿ ಇರುವ ಮನುಷ್ಯನಿಗೆ ಲೆಕ್ಕ ತಾಳೆಯಾಗದಿದ್ದರೆ ಆಗುವ ಕಸಿವಿಸಿ ಅದು.

ಅವತ್ತಿಂದ ಆ ಪ್ರಶ್ನೆ ನನ್ನ ತಲೆಯಲ್ಲೇ ಇದೆ. ತಾಯಿ ಮತ್ತು ಮಗುವಿನ ಆರೋಗ್ಯಕ್ಕೆ ದುಡ್ಡು ಯಾರು ಕೊಡುತ್ತಾರೆ, ಯಾವಾಗ ಕೊಡುತ್ತಾರೆ, ಯಾವ ಜಾಗದಲ್ಲಿ ಕೊಡುತ್ತಾರೆ ಅಂತ ನೋಡುತ್ತಾ ಹೋದ ಹಾಗೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಸರ್ಕಾರದ ದುಡ್ಡು ಹೆಚ್ಚುಕಡಿಮೆ ಹೆರಿಗೆ ಕೋಣೆಯ ಬಾಗಿಲಲ್ಲೇ ನಿಂತುಬಿಡುತ್ತದೆ. ಮನೆಯವರ ಖರ್ಚು ಅದಕ್ಕೂ ಆರೇಳು ತಿಂಗಳು ಮೊದಲೇ ಶುರುವಾಗಿರುತ್ತದೆ, ಅದಾದ ಮೇಲೂ ನಿಲ್ಲುವುದಿಲ್ಲ.

ಆಗಿರುವ ಒಳ್ಳೆಯದನ್ನು ಮೊದಲು ಹೇಳಬೇಕು. ನಮ್ಮ ಅಜ್ಜಿಯರ ಕಾಲಕ್ಕೆ ಹೆರಿಗೆ ಅಂದರೆ ನಡುಮನೆ ಮತ್ತು ಸೂಲಗಿತ್ತಿ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೂ ದೇಶದಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದ ಹೆರಿಗೆ ಶೇ 38.7 ಮಾತ್ರ. 2019-21ರ ಸಮೀಕ್ಷೆಗೆ ಅದು ಶೇ 88.6 ಆಯಿತು. ಕರ್ನಾಟಕದಲ್ಲಂತೂ ಶೇ 97. ಹದಿನೈದು ವರ್ಷದಲ್ಲಿ ಇಂಥ ಬದಲಾವಣೆ ಸಣ್ಣದಲ್ಲ. ಇದರ ಹಿಂದೆ ದುಡ್ಡಿನ ಎರಡು ದೊಡ್ಡ ತೀರ್ಮಾನಗಳಿವೆ. 2005ರ ಜನನಿ ಸುರಕ್ಷಾ ಯೋಜನೆ ಆಸ್ಪತ್ರೆಗೆ ಬಂದು ಹೆತ್ತವರ ಕೈಗೆ ದುಡ್ಡು ಕೊಟ್ಟಿತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇನ್ನೂ ಮುಂದೆ ಹೋಗಿ, ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ತಪಾಸಣೆ, ರಕ್ತ, ಊಟ, ಮನೆಯಿಂದ ಆಸ್ಪತ್ರೆಗೆ ಮತ್ತು ಆಸ್ಪತ್ರೆಯಿಂದ ಮನೆಗೆ ಗಾಡಿ, ಎಲ್ಲವೂ ಉಚಿತ ಅಂತ ಹೇಳಿತು.

ಈ ಪಟ್ಟಿಯನ್ನು ಕಾಕಾನ ಪುಟದ ಪಕ್ಕ ಇಟ್ಟು ನೋಡಿ. ಸ್ಕ್ಯಾನಿಂಗ್, ತಪಾಸಣೆ, ಔಷಧ, ಗಾಡಿ. ಅವರು ದುಡ್ಡು ಕೊಟ್ಟ ಬಹುಪಾಲು ಬಾಬ್ತುಗಳು ಉಚಿತ ಪಟ್ಟಿಯಲ್ಲೇ ಇವೆ! ಇದು ಒಂದು ಮನೆಯ ಕತೆ ಮಾತ್ರ ಅಲ್ಲ. 2019-21ರ ಅದೇ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸರ್ಕಾರಿ ಆಸ್ಪತ್ರೆಯ ಒಂದು ಹೆರಿಗೆಗೆ ಮನೆಯವರು ಕೈಯಿಂದ ಹಾಕುವ ದುಡ್ಡು ಸರಾಸರಿ 2,916 ರೂಪಾಯಿ. ಸಲೀಸಾಗಿ ಆದ ಹೆರಿಗೆಗಳೂ ಈ ಸರಾಸರಿಯಲ್ಲಿ ಸೇರಿವೆ. ತೊಂದರೆ ಆದವರ ಖರ್ಚು ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಹೆರಿಗೆಯಲ್ಲಿ ಯಾರಿಗೆ ತೊಂದರೆ ಆಗುತ್ತದೆ ಅಂತ ಮೊದಲೇ ಗೊತ್ತಾಗುವುದಿಲ್ಲ, ಅಲ್ವಾ?

ಇನ್ನು ವಹಿಯಲ್ಲಿ ಬರೆಯದ ಖರ್ಚು. ತಂಗಿಯ ಗಂಡನ ಮನೆಯಲ್ಲೂ ಮಗ್ಗ ಇದೆ. ಗಂಡಸರು ಮಗ್ಗದ ಮೇಲೆ ಕೂತರೆ ಹೆಂಗಸರು ಕಂಡಿಕೆ ಸುತ್ತುತ್ತಾರೆ. ಏಳು ತಿಂಗಳಾದ ಮೇಲೆ ತಂಗಿಗೆ ರಾಟೆ ಮುಂದೆ ಕೂರಲು ಆಗಲಿಲ್ಲ. ಕಂಡಿಕೆ ಸುತ್ತಲು ಬೇರೆಯವರಿಗೆ ದುಡ್ಡು ಕೊಡಬೇಕಾಯಿತು. ಆಸ್ಪತ್ರೆಯ ಆರು ದಿನ ಇತ್ತ ಕಾಕಾನ ಮಗ್ಗವೂ ನಿಂತಿತು, ಅತ್ತ ಅಳಿಯನ ಮಗ್ಗವೂ ನಿಂತಿತು. ಗುಳೇದಗುಡ್ಡ, ಇಳಕಲ್ಲು, ರಬಕವಿ-ಬನಹಟ್ಟಿಯ ಯಾವ ನೇಕಾರರ ಓಣಿಗೆ ಹೋದರೂ ಇದೇ ಮಾತು ಕೇಳುತ್ತೀರಿ. ಮಗ್ಗ ಸಪ್ಪಳ ಮಾಡಿದರೆ ಮಾತ್ರ ಮಜೂರಿ.

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆಗಿ, ಸಂಬಳ ಸಹಿತ ರಜೆ 26 ವಾರಕ್ಕೆ ಏರಿತು. ಅಂದರೆ 182 ದಿನ. ಅದು ನೌಕರಿ ಇರುವವರಿಗೆ. ಮಗ್ಗದ ಮುಂದೆ, ಹೊಲದಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಇರುವುದು ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ 5,000 ರೂಪಾಯಿ. ಮೊದಲ ಮಗುವಿಗೆ ಎರಡು ಕಂತಿನಲ್ಲಿ 3,000 ಮತ್ತು 2,000. ಎರಡನೆಯದು ಹೆಣ್ಣು ಮಗುವಾದರೆ 6,000. 2025-26ರಲ್ಲಿ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆ ಲೆಕ್ಕದಲ್ಲಿ 5,000 ಅಂದರೆ ಹದಿಮೂರೂವರೆ ದಿನದ ಕೂಲಿ. ಒಬ್ಬ ತಾಯಿಗೆ 182 ದಿನ, ಇನ್ನೊಬ್ಬ ತಾಯಿಗೆ ಹದಿಮೂರೂವರೆ ದಿನ. ಹೆತ್ತ ನೋವು, ಆರಬೇಕಾದ ಹೊಲಿಗೆ, ಕುಡಿಸಬೇಕಾದ ಹಾಲು ಇಬ್ಬರಿಗೂ ಒಂದೇ.

2013ರ ಆಹಾರ ಭದ್ರತಾ ಕಾಯ್ದೆ ಪ್ರತಿ ಗರ್ಭಿಣಿಗೆ, ಬಾಣಂತಿಗೆ ಕನಿಷ್ಠ 6,000 ರೂಪಾಯಿ ಕೊಡಬೇಕು ಅಂತ ಹೇಳಿದೆ. ಮಾತೃವಂದನಾ ಬಂದದ್ದು 2017ರಲ್ಲಿ. ಅದು 5,000 ಕೊಟ್ಟು, ಜನನಿ ಸುರಕ್ಷಾ ದುಡ್ಡು ಸೇರಿಸಿ ಸರಾಸರಿ 6,000 ಆಗುತ್ತದೆ ಅಂತ ಲೆಕ್ಕ ಹೊಂದಿಸಿತು. 2013ರ 6,000 ರೂಪಾಯಿಗೆ ಅಂದು ಬರುತ್ತಿದ್ದ ಜೋಳ, ಬೇಳೆ, ತುಪ್ಪ ಇಂದು ಬರುತ್ತದೆಯೇ? ನೌಕರರ ಸಂಬಳಕ್ಕೆ ತುಟ್ಟಿಭತ್ಯೆ ಇದೆ. ಬಾಣಂತಿಯ ದುಡ್ಡಿಗೆ ಇಲ್ಲ. ಇದು ನನಗೆ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ದುಡ್ಡು ಎಷ್ಟು ಅನ್ನುವುದರ ಜೊತೆಗೆ ಯಾವಾಗ ಬರುತ್ತದೆ ಅನ್ನುವುದೂ ಮುಖ್ಯ. ಮೊದಲ ಕಂತಿಗೆ ಆರು ತಿಂಗಳೊಳಗೆ ಹೆಸರು ನೋಂದಾಯಿಸಿ, ಒಮ್ಮೆಯಾದರೂ ತಪಾಸಣೆ ಮಾಡಿಸಿರಬೇಕು. ಎರಡನೆಯದಕ್ಕೆ ಮಗುವಿನ ಜನನ ನೋಂದಣಿ ಆಗಿ, ಮೂರೂವರೆ ತಿಂಗಳವರೆಗಿನ ಲಸಿಕೆ ಮುಗಿದಿರಬೇಕು. ದುಡ್ಡು ಬೀಳುವುದು ಆಧಾರ್ ಜೋಡಿಸಿದ ಖಾತೆಗೆ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ಕುಬಸ ಮುಗಿಸಿ ಮಗಳನ್ನು ಕರೆದುಕೊಂಡು ಬಂದರೆ ಮಗುವಿಗೆ ಮೂರೋ ಐದೋ ತಿಂಗಳಾದ ಮೇಲೆ ಗಂಡನ ಮನೆಗೆ ಕಳಿಸುತ್ತಾರೆ. ತಾಯಿ ಕಾರ್ಡ್ ಮಾಡಿಸಿದ್ದು ಗಂಡನ ಊರಿನ ಆಶಾ ಕಾರ್ಯಕರ್ತೆ. ಹೆರಿಗೆಗೆ ಕರೆದುಕೊಂಡು ಹೋದದ್ದು ತವರಿನ ಆಶಾ. ಪಾಸ್‌ಬುಕ್ ಅತ್ತೆಯ ಟ್ರಂಕಿನಲ್ಲಿ. ಖಾತೆಗೆ ಕೊಟ್ಟ ಮೊಬೈಲ್ ನಂಬರು ಗಂಡನದು. ಇಷ್ಟರಲ್ಲಿ ಒಂದು ಕೊಂಡಿ ಕಳಚಿದರೂ ಅರ್ಜಿ ಎಲ್ಲೋ ನಿಲ್ಲುತ್ತದೆ. ತವರಿಗೆ ಹೋಗುವುದು ನಮ್ಮಲ್ಲಿ ತಲೆತಲಾಂತರದ ರೂಢಿ. ಅದನ್ನು ಗಮನದಲ್ಲಿಟ್ಟು ಅರ್ಜಿ ರೂಪಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ.

ಒಂದು ತಿದ್ದುಪಡಿಯನ್ನು ಮೆಚ್ಚಲೇಬೇಕು. ಮೊದಲು ಈ ಯೋಜನೆಗೆ ಗಂಡನ ಆಧಾರ್ ಕಡ್ಡಾಯವಿತ್ತು. ಯೋಜನೆಯ ಹೊಸ ರೂಪದಲ್ಲಿ ಅದನ್ನು ತೆಗೆದರು. ಮುಧೋಳ, ಅಥಣಿ, ಸವದತ್ತಿ ಕಡೆಯ ದೇವದಾಸಿ ಮನೆತನಗಳ ಹೆಣ್ಣುಮಕ್ಕಳಿಗೆ, ಗಂಡ ಬಿಟ್ಟುಹೋದವರಿಗೆ ಆ ಒಂದು ಸಾಲು ಎಷ್ಟು ದೊಡ್ಡ ಅಡ್ಡಗೋಡೆಯಾಗಿತ್ತು ಅಂತ ಅವರಿಗೇ ಗೊತ್ತು.

ಈಗ ಪುಟದ ಒಂದು ದೊಡ್ಡ ಬಾಬ್ತಿಗೆ ಬರುತ್ತೇನೆ. ರಾತ್ರಿಯ ಗಾಡಿ.

ಬ್ಯಾನಿ ಶುರುವಾದದ್ದು ಸಂಜೆ. ಚಿಗವ್ವ ಚೀಲ ಮೊದಲೇ ಕಟ್ಟಿಟ್ಟಿದ್ದಳು. ಹಳೇ ಮೆತ್ತನೆಯ ಸೀರೆಯ ತುಂಡುಗಳು, ಒಂದು ಕೌದಿ, ಕೂಸಿಗೆ ಕುಂಚಿಗೆ, ಪ್ಲಾಸ್ಟಿಕ್ ಕವರಿನಲ್ಲಿ ತಾಯಿ ಕಾರ್ಡ್. ಟಂಟಂನಲ್ಲಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋದರು. ಅಲ್ಲಿ ನರ್ಸ್ ಇದ್ದರು, ವೈದ್ಯರೂ ಬಂದರು. ರಾತ್ರಿ ಹತ್ತರ ಹೊತ್ತಿಗೆ ಕೂಸಿನ ಎದೆಬಡಿತ ಇಳಿಯುತ್ತಿದೆ, ಸಿಸೇರಿಯನ್ ಮಾಡಬೇಕು ಅಂದರು. ಆದರೆ ಅರಿವಳಿಕೆ ಕೊಡುವವರು ಅವತ್ತು ಇರಲಿಲ್ಲ. ತಾಯಿ ಕಾರ್ಡಿನ ಮೇಲೆ ದೊಡ್ಡಾಸ್ಪತ್ರೆಗೆ ಅಂತ ಬರೆದುಕೊಟ್ಟರು. 108 ಬೇರೆ ಕೇಸಿಗೆ ಹೋಗಿತ್ತು, ಬರಲು ಒಂದು ಗಂಟೆ ಆಗುತ್ತದೆ ಅಂದರು. ಕಾಕಾ ಓಣಿಯ ಒಬ್ಬರನ್ನು ಎಬ್ಬಿಸಿ ಕಾರು ತರಿಸಿದರು. ನರ್ಸ್ ಸಲೈನ್ ಬಾಟಲಿ ಎತ್ತಿ ಹಿಡಿದು ಕಾರಿನವರೆಗೂ ಬಂದು, ಅದನ್ನು ಚಿಗವ್ವನ ಕೈಗೆ ಕೊಟ್ಟರು. ದಾರಿಯುದ್ದಕ್ಕೂ ಚಿಗವ್ವ ಬಲಗೈ ಕೆಳಗಿಳಿಸಲಿಲ್ಲ. ಮರುದಿನ ತುತ್ತು ಎತ್ತಲೂ ಆ ಕೈ ಏಳಲಿಲ್ಲ ಅಂತ ಈಗಲೂ ಹೇಳುತ್ತಾಳೆ.

ಆ ನರ್ಸ್ ತಪ್ಪಿಲ್ಲ, ಆ ವೈದ್ಯರ ತಪ್ಪೂ ಇಲ್ಲ. ತಾಯಂದಿರು ಯಾಕೆ ಸಾಯುತ್ತಾರೆ ಅಂತ ಸೆರೀನ್ ಥಡ್ಡಿಯಸ್, ಡೆಬೊರಾ ಮೇನ್ ಅನ್ನುವ ಇಬ್ಬರು ಸಂಶೋಧಕರು 1994ರಲ್ಲಿ ಮೂರು ತಡಗಳ ಲೆಕ್ಕ ಕೊಟ್ಟರು. ಆಸ್ಪತ್ರೆಗೆ ಹೋಗೋಣ ಅಂತ ಮನೆಯಲ್ಲಿ ತೀರ್ಮಾನಿಸುವಾಗ ಆಗುವ ತಡ. ದಾರಿಯಲ್ಲಿ ಆಗುವ ತಡ. ಆಸ್ಪತ್ರೆ ಮುಟ್ಟಿದ ಮೇಲೂ ಸರಿಯಾದ ಚಿಕಿತ್ಸೆ ಸಿಗುವುದಕ್ಕೆ ಆಗುವ ತಡ. ನಮ್ಮ ಸೀಮೆಯಲ್ಲಿ ಮೊದಲನೆಯದು ಬಹಳ ಮಟ್ಟಿಗೆ ಹೋಗಿದೆ. ಶೇ 97 ಅನ್ನುವ ಅಂಕಿ ಹೇಳುವುದು ಅದನ್ನೇ. ಜನ ತಮ್ಮ ಪಾಲಿನ ಕೆಲಸ ಮಾಡಿದ್ದಾರೆ. ಬಾಗಿಲಿಗೆ ಬಂದಿದ್ದಾರೆ. ಉಳಿದಿರುವುದು ಮೂರನೆಯ ತಡ. ಅದರಿಂದಲೇ ಎರಡನೆಯದೂ ಹುಟ್ಟುತ್ತದೆ. ಹತ್ತಿರದ ಆಸ್ಪತ್ರೆಯಲ್ಲಿ ಆಗದ್ದಕ್ಕೆ ತಾನೇ ಇಳಕಲ್ಲಿನವರು ಬಾಗಲಕೋಟೆಗೆ, ಅಲ್ಲೂ ಆಗದಿದ್ದರೆ ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಓಡುವುದು?

ಕರ್ನಾಟಕ ಈ ವಿಷಯದಲ್ಲಿ ದಕ್ಷಿಣದ ಉಳಿದ ರಾಜ್ಯಗಳಿಗಿಂತ ಹಿಂದೆ ಬಿದ್ದಿದೆ. 2018-20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ಕೇರಳದಲ್ಲಿ 19, ತೆಲಂಗಾಣದಲ್ಲಿ 43, ಆಂಧ್ರದಲ್ಲಿ 45, ತಮಿಳುನಾಡಿನಲ್ಲಿ 54, ನಮ್ಮಲ್ಲಿ 69. ದೇಶದ ಸರಾಸರಿ 97 ಇದ್ದಾಗ 69 ಕಡಿಮೆಯೇ. ಆದರೆ ಹೋಲಿಸಿಕೊಳ್ಳಬೇಕಾದದ್ದು ನೆರೆಯವರ ಜೊತೆಗೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಇಡೀ ರಾಜ್ಯ ಬೆಚ್ಚಿತು. ಅವರಿಗೆ ಏರಿಸಿದ ಸಲೈನ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂತು. ಆಮೇಲೆ ಸರ್ಕಾರ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಂದಿರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿತು. ಹತ್ತರಲ್ಲಿ ಏಳು ಸಾವುಗಳನ್ನು ತಡೆಯಬಹುದಿತ್ತು ಅಂತ ತಿಳಿಯಿತು.

ತಾಲ್ಲೂಕು ಆಸ್ಪತ್ರೆಯಲ್ಲಿ ದಿನದ 24 ಗಂಟೆಯೂ ಹೆರಿಗೆ ತಜ್ಞರು, ಮಕ್ಕಳ ತಜ್ಞರು, ಅರಿವಳಿಕೆ ತಜ್ಞರು ತಲಾ ಇಬ್ಬರು ಇರಬೇಕು ಅಂತ ಸರ್ಕಾರ ಹೊರಟಿದೆ. ಇದು ಸರಿಯಾದ ದಾರಿ. ಒಬ್ಬ ತಜ್ಞ ಇದ್ದರೆ ಅವರು ಮಲಗಬೇಕು, ರಜೆ ಹೋಗಬೇಕು, ಅವರಿಗೂ ಜ್ವರ ಬರುತ್ತದೆ. ಕಾಗದದ ಮೇಲೆ ಹುದ್ದೆ ಭರ್ತಿ, ರಾತ್ರಿ ಮಾತ್ರ ಯಾರೂ ಇಲ್ಲ. ಮೂವರಲ್ಲಿ ಒಬ್ಬರು ಇಲ್ಲದಿದ್ದರೂ ಉಳಿದಿಬ್ಬರ ಸಂಬಳ ಆ ರಾತ್ರಿ ಕೆಲಸಕ್ಕೆ ಬರುವುದಿಲ್ಲ. ರಕ್ತ ಸಂಗ್ರಹ ಘಟಕದ ಫ್ರಿಜ್ ಖಾಲಿ ಇದ್ದರಂತೂ ಮೂವರಿದ್ದೂ ಕೈಕಟ್ಟಿದ ಹಾಗೆ.

ಇದನ್ನು ದುಡ್ಡಿನ ಕಣ್ಣಿನಿಂದ ನೋಡೋಣ. ಸುಮ್ನೆ ಅಂದಾಜಿಗೆ, ಒಂದು ತಾಲ್ಲೂಕು ಆಸ್ಪತ್ರೆಯಿಂದ ತಿಂಗಳಿಗೆ 40 ಗರ್ಭಿಣಿಯರನ್ನು ಮುಂದಕ್ಕೆ ಕಳಿಸುತ್ತಾರೆ ಅಂತ ಇಟ್ಟುಕೊಳ್ಳಿ. ಒಬ್ಬೊಬ್ಬರ ಗಾಡಿ ಬಾಡಿಗೆ ಕಾಕಾನ ಹಾಗೆ 3,000. ತಿಂಗಳಿಗೆ 1,20,000 ರೂಪಾಯಿ. ಒಬ್ಬ ಅರಿವಳಿಕೆ ತಜ್ಞರ ಸಂಬಳದ ದೊಡ್ಡ ಪಾಲು ಅದರಲ್ಲೇ ಬರುತ್ತದೆ. ಸರ್ಕಾರ ಉಳಿಸಿದೆ ಅಂದುಕೊಂಡ ದುಡ್ಡನ್ನು ನಲವತ್ತು ಬಡವರ ಮನೆಗಳು ಬಡ್ಡಿಗೆ ತಂದು ಕಟ್ಟುತ್ತಿವೆ. ಆರೋಗ್ಯ ವಿಮೆ ಇದಕ್ಕೆ ಮದ್ದಲ್ಲ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದ 5 ಲಕ್ಷದ ರಕ್ಷಣೆ ದೊಡ್ಡ ಕಾಯಿಲೆ ಬಿದ್ದವರಿಗೆ ನಿಜಕ್ಕೂ ಆಸರೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಯಲ್ಲಿ ದಾಖಲಾದವರಿಗೆ. ಬಸುರಿಯ ಒಂಬತ್ತು ತಿಂಗಳ ಖರ್ಚಿನ ಬಹುಪಾಲು ದಾಖಲಾಗದೆ ಆಗುವಂಥದ್ದು.

ಸೇವೆಗೆ ತಕ್ಕಂತೆ ದುಡ್ಡು ಕೊಡುವ ಪದ್ಧತಿಯಲ್ಲಿ ಇನ್ನೊಂದು ತೊಡಕಿದೆ. ದುಡ್ಡು ಹೆಚ್ಚು ಬರುವ ಕೆಲಸವೇ ಹೆಚ್ಚಾಗುತ್ತದೆ. 2019-21ರಲ್ಲಿ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಶೇ 14.3 ಇದ್ದರೆ ಖಾಸಗಿಯಲ್ಲಿ ಶೇ 47.4. ಹೆಣ್ಣುಮಕ್ಕಳ ದೇಹ ಎರಡು ಕಡೆಯೂ ಒಂದೇ ಅಲ್ವಾ? ಬೇಕಾದಲ್ಲಿ ಸಿಸೇರಿಯನ್ ಸಿಗದೆ ಕಾರು ಹತ್ತುವವರು ಒಂದು ಕಡೆ, ಬೇಡದಿದ್ದರೂ ಹೊಟ್ಟೆ ಕೊಯ್ಸಿಕೊಳ್ಳುವವರು ಇನ್ನೊಂದು ಕಡೆ.

ದುಡ್ಡು ಎಲ್ಲಿ ಹಾಕಿದರೆ ಜೀವ ಉಳಿಯುತ್ತದೆ ಅನ್ನುವುದಕ್ಕೆ ಜಗತ್ತಿಗೇ ಪಾಠ ಹೇಳಿದ ಜಾಗ ನಮ್ಮ ಪಕ್ಕದ ಬೆಳಗಾವಿ. ಇದು ನಮ್ಮವರಿಗೇ ಅಷ್ಟಾಗಿ ಗೊತ್ತಿಲ್ಲ. ಹೆರಿಗೆಯಾದ ಮೇಲೆ ರಕ್ತ ಹೋಗುವುದು ತಾಯಂದಿರ ಸಾವಿಗೆ ದೊಡ್ಡ ಕಾರಣ. ಅದನ್ನು ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ ತಂಪಿನಲ್ಲಿ ಇಡಬೇಕು, ಚುಚ್ಚಲು ಬರಬೇಕು. ಈ ಶತಮಾನದ ಮೊದಲ ವರ್ಷಗಳಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಜಿಲ್ಲೆಯ ಹಳ್ಳಿಗಳಲ್ಲಿ ಮಿಸೊಪ್ರೊಸ್ಟಾಲ್ ಅನ್ನುವ ಮಾತ್ರೆ ಪರೀಕ್ಷಿಸಿದರು. 1,620 ಹೆಣ್ಣುಮಕ್ಕಳು ಅದರಲ್ಲಿ ಭಾಗಿಯಾದರು. ಮಾತ್ರೆ ಕೊಟ್ಟವರು ದೊಡ್ಡ ವೈದ್ಯರಲ್ಲ, ಉಪಕೇಂದ್ರಗಳ ಎಎನ್‌ಎಂ ಸಿಸ್ಟರ್‌ಗಳು. 2006ರಲ್ಲಿ ಫಲಿತಾಂಶ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ವಿಪರೀತ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿದಿತ್ತು. ಪ್ರತಿ 18 ಮಂದಿಗೆ ಮಾತ್ರೆ ಕೊಟ್ಟರೆ ಒಬ್ಬರ ರಕ್ತಸ್ರಾವ ತಪ್ಪುತ್ತಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಕ್ತಸ್ರಾವ ತಡೆಗೆ ಈ ಮಾತ್ರೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಆ ಹಳ್ಳಿಗಳ ತಾಯಂದಿರು ಮತ್ತು ಸಿಸ್ಟರ್‌ಗಳು ಆಫ್ರಿಕಾದ, ಏಷ್ಯಾದ ಎಷ್ಟು ಮನೆಗಳಿಗೆ ಉಪಕಾರ ಮಾಡಿದ್ದಾರೆ! ನನಗೆ ಇದರಲ್ಲಿ ಕಾಣುವ ಮುಖ್ಯ ವಿಷಯ ಬೇರೆ. ಮಾತ್ರೆ ಅಗ್ಗ. ಆದರೆ ಅದನ್ನು ಸರಿಯಾದ ನಿಮಿಷದಲ್ಲಿ ಬಾಯಿಗೆ ಹಾಕಲು ತರಬೇತಿ ಪಡೆದ ಒಬ್ಬ ಹೆಣ್ಣುಮಗಳು ಹಾಸಿಗೆಯ ಪಕ್ಕ ನಿಂತಿರಬೇಕು. ಖರ್ಚು ಇರುವುದು ಅಲ್ಲಿ. ಆರು ದೇಶಗಳ ಇನ್ನೊಂದು ಪ್ರಯೋಗದಲ್ಲೂ ಬೆಳಗಾವಿ ಇತ್ತು. ಚೊಚ್ಚಲ ಗರ್ಭಿಣಿಯರಿಗೆ ದಿನಕ್ಕೊಂದು ಸಣ್ಣ ಆಸ್ಪಿರಿನ್ ಮಾತ್ರೆ ಕೊಟ್ಟರೆ ದಿನ ತುಂಬುವ ಮೊದಲೇ ಆಗುವ ಹೆರಿಗೆ ಶೇ 11ರಷ್ಟು ಕಡಿಮೆಯಾಗುತ್ತದೆ ಅಂತ 2020ರಲ್ಲಿ ಗೊತ್ತಾಯಿತು. ಆದರೆ ಮಾತ್ರೆ ಶುರು ಮಾಡಬೇಕಾದದ್ದು ಮೊದಲ ಮೂರು ತಿಂಗಳಲ್ಲೇ. ಅಷ್ಟು ಬೇಗ ಬಸುರಿ ಅಂತ ಗೊತ್ತಾಗಬೇಕಾದರೆ ಯಾರೋ ಒಬ್ಬರು ಮನೆಮನೆಗೆ ಹೋಗಿ ಕೂತು ಮಾತಾಡಿರಬೇಕು.

ಆ ಯಾರೋ ಒಬ್ಬರು ಆಶಾ. ಹೆರಿಗೆಯಾಗಿ ಮನೆಗೆ ಬಂದ ಮೇಲೆ ಮೂರನೇ ದಿನದಿಂದ ನಲವತ್ತೆರಡನೇ ದಿನದವರೆಗೆ ಆರು ಸಲ ಮನೆಗೆ ಬಂದು ಕೂಸಿನ ತೂಕ, ಹೊಕ್ಕಳು, ಮೈಬಿಸಿ ನೋಡುವವರು ಅವರೇ. ಈ ಆರೂ ಭೇಟಿಗೆ ಸೇರಿಸಿ ನಿಗದಿಯಾದ ಪ್ರೋತ್ಸಾಹಧನ 250 ರೂಪಾಯಿ. 2025ರ ಜನವರಿಯ ಚಳಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿಗೆ ಹೋಗಿ ಕೂತದ್ದು ತಿಂಗಳಿಗೆ 15,000 ಖಾತ್ರಿ ಕೊಡಿ ಅಂತ. ಅದನ್ನು ಕೇಳಲು ಅವರು ಬೀದಿಗೆ ಇಳಿಯಬೇಕಾಯಿತಲ್ಲ.

ಬೇರೆ ಬಡ ದೇಶಗಳು ಏನು ಮಾಡಿದವು ಅಂತಲೂ ನೋಡಬೇಕು. ರುವಾಂಡಾ 2006ರಿಂದ ಆರೋಗ್ಯ ಕೇಂದ್ರಗಳಿಗೆ ಒಂದೊಂದು ಹೆರಿಗೆಗೆ, ಒಂದೊಂದು ತಪಾಸಣೆಗೆ ಇಷ್ಟು ಅಂತ ದುಡ್ಡು ಕೊಟ್ಟಿತು. ಅಲ್ಲಿ ಆಸ್ಪತ್ರೆ ಹೆರಿಗೆ ಶೇ 23ರಷ್ಟು ಏರಿತು ಅಂತ 2011ರ ಅಧ್ಯಯನ ಹೇಳಿತು. ಆದರೆ ನಾಲ್ಕೂ ಸಲ ತಪಾಸಣೆ ಪೂರ್ತಿ ಮಾಡಿಸಿಕೊಂಡವರು ಏರಲಿಲ್ಲ. ಮಕ್ಕಳ ಪೂರ್ತಿ ಲಸಿಕೆಯೂ ಏರಲಿಲ್ಲ. ಒಂದೇ ದಿನದಲ್ಲಿ ಮುಗಿಯುವ ಕೆಲಸಕ್ಕೆ ದುಡ್ಡು ಕೊಟ್ಟರೆ ಆ ಕೆಲಸ ಆಗುತ್ತದೆ. ತಿಂಗಳುಗಟ್ಟಲೆ ಹಿಂದೆ ಬಿದ್ದು ಮಾಡಿಸುವ ಕೆಲಸ ಅಷ್ಟಕ್ಕೇ ಆಗುವುದಿಲ್ಲ. ನಮ್ಮ ಶೇ 97ರ ಕತೆಯೂ ಇದೇ. ಅಷ್ಟೂ ಹೆರಿಗೆ ಆಸ್ಪತ್ರೆಯಲ್ಲಿ ಆಗುವ ರಾಜ್ಯದಲ್ಲಿ ಅದೇ ಸಮೀಕ್ಷೆಯ ಪ್ರಕಾರ ಗರ್ಭಿಣಿಯರಲ್ಲಿ ಶೇ 45.7 ಮಂದಿಗೆ ರಕ್ತಹೀನತೆ. ಕಬ್ಬಿಣಾಂಶ ಕಡಿಮೆ ಇರುವ ಮೈಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ತಡೆಯುವ ಶಕ್ತಿ ಇರುವುದಿಲ್ಲ.

ಸಿಯೆರಾ ಲಿಯೋನ್ 2010ರ ಏಪ್ರಿಲ್‌ನಲ್ಲಿ ಗರ್ಭಿಣಿ, ಬಾಣಂತಿ ಮತ್ತು ಐದು ವರ್ಷದೊಳಗಿನ ಮಕ್ಕಳಿಗೆ ಎಲ್ಲ ಚಿಕಿತ್ಸೆ ಉಚಿತ ಮಾಡಿತು. ಅದಕ್ಕೂ ಮೊದಲು ಸಿಬ್ಬಂದಿ ಮುಷ್ಕರ ಹೂಡಿದ್ದರು, ಸರ್ಕಾರ ಸಂಬಳ ಏರಿಸಿತು. ಉಚಿತ ಅಂತ ಹೇಳುವ ಮೊದಲು ಕೆಲಸ ಮಾಡುವವರ ಹೊಟ್ಟೆ ತುಂಬಿಸಬೇಕು ಅನ್ನುವುದು ಅಲ್ಲಿ ಗೊತ್ತಾಯಿತು. ಕಾಕಾನ ಪುಟದ 'ಖುಷಿ' 1,500 ರೂಪಾಯಿಯ ಬೇರು ಕೂಡ ಸ್ವಲ್ಪ ಮಟ್ಟಿಗೆ ಇಲ್ಲೇ ಇದೆ. ಗುತ್ತಿಗೆ ಮೇಲೆ ಕಡಿಮೆ ಸಂಬಳಕ್ಕೆ ದುಡಿಯುವವರಿಗೆ ಸರಿಯಾದ ಸಂಬಳ ಕೊಡದೆ ಬರೀ ಬೋರ್ಡ್ ಹಾಕಿದರೆ ಅದು ನಿಲ್ಲುವುದಿಲ್ಲ. ಹೊರಗಿನ ನೆರವು ನಂಬಿದ ದೇಶಗಳಿಗೆ ಈಗ ಕಷ್ಟ ಕಾಲ. 2025ರಲ್ಲಿ ಅಮೆರಿಕ ಹೊರದೇಶಗಳಿಗೆ ನೆರವು ಕೊಡುತ್ತಿದ್ದ ತನ್ನ ಯುಎಸ್‌ಎಐಡಿ ಸಂಸ್ಥೆಯನ್ನೇ ಮುಚ್ಚಿತು. 2023ರಲ್ಲಿ ಜಗತ್ತಿನಲ್ಲಿ ಸುಮಾರು 2,60,000 ತಾಯಂದಿರು ಬಸುರಿನಲ್ಲಿ, ಹೆರಿಗೆಯಲ್ಲಿ ತೀರಿಕೊಂಡರು. ಬಹುತೇಕ ಎಲ್ಲರೂ ಬಡ ದೇಶದವರು.

ನನಗೆ ಹೆಚ್ಚು ಹಿಡಿಸುವುದು ಶ್ರೀಲಂಕಾದ ದಾರಿ. 1926ರಲ್ಲಿ ಕಲುತರದಲ್ಲಿ ಮೊದಲ ಆರೋಗ್ಯ ಘಟಕ ಶುರು ಮಾಡಿ, ಊರೂರಿಗೆ ಸಂಬಳದ ಸೂಲಗಿತ್ತಿಯನ್ನು ಕಳಿಸುತ್ತಾ ಹೋದರು. ದೇಶ ಶ್ರೀಮಂತವಾಗುವವರೆಗೆ ಕಾಯಲಿಲ್ಲ. ತಾಯಂದಿರ ಸಾವು ಕಡಿಮೆ ಮಾಡಿದ ದೇಶಗಳ ಮಾತು ಬಂದಾಗಲೆಲ್ಲ ಇಂದಿಗೂ ಅದರ ಹೆಸರು ಬರುತ್ತದೆ.

ಭಾರತ ಇದಕ್ಕೆ ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲ. ನಮ್ಮ ಆರೋಗ್ಯದ ಒಟ್ಟು ಖರ್ಚಿನಲ್ಲಿ ಜನ ಜೇಬಿನಿಂದ ಹಾಕುವ ಪಾಲು 2013-14ರಲ್ಲಿ ಶೇ 64.2 ಇದ್ದದ್ದು 2021-22ಕ್ಕೆ ಶೇ 39.4ಕ್ಕೆ ಇಳಿದಿದೆ ಅಂತ ಸರ್ಕಾರದ ಲೆಕ್ಕ ಹೇಳುತ್ತದೆ. ಒಳ್ಳೆಯದೇ. ಆದರೂ ನೂರರಲ್ಲಿ ಸುಮಾರು ನಲವತ್ತು ರೂಪಾಯಿ ಈಗಲೂ ಕಾಕಾನಂಥವರ ವಹಿಯಿಂದಲೇ ಹೋಗುತ್ತಿದೆ. ಸರ್ಕಾರಗಳ ಆರೋಗ್ಯ ಖರ್ಚು 2025ಕ್ಕೆ ಜಿಡಿಪಿಯ ಶೇ 2.5 ಆಗಬೇಕು ಅಂತ 2017ರ ಆರೋಗ್ಯ ನೀತಿ ಬರೆದಿತ್ತು. 2021-22ರಲ್ಲಿ ಇದ್ದದ್ದು ಶೇ 1.84. ವಿಜಯಪುರದ ಜನ 2025ರಲ್ಲಿ ನಮಗೆ ಖಾಸಗಿ ಸಹಭಾಗಿತ್ವದ ಕಾಲೇಜು ಬೇಡ, ಪೂರ್ತಿ ಸರ್ಕಾರಿ ವೈದ್ಯಕೀಯ ಕಾಲೇಜೇ ಬೇಕು ಅಂತ ದಿನಗಟ್ಟಲೆ ಧರಣಿ ಕೂತದ್ದನ್ನು ನಾನು ಹೆರಿಗೆಯ ಪ್ರಶ್ನೆಯಾಗಿಯೂ ನೋಡುತ್ತೇನೆ. ತಜ್ಞರು ಎಲ್ಲಿ ತಯಾರಾಗುತ್ತಾರೆ, ಯಾರ ಋಣದಲ್ಲಿ ತಯಾರಾಗುತ್ತಾರೆ ಅನ್ನುವುದರ ಮೇಲೆ ಮುಂದೆ ಅವರು ಇಂಡಿ, ಹುನಗುಂದದಂಥ ಊರುಗಳಿಗೆ ಬರುತ್ತಾರೋ ಇಲ್ಲವೋ ಅನ್ನುವುದು ನಿಂತಿದೆ.

ಈ ಯಾವ ಲೆಕ್ಕಕ್ಕೂ ಸಿಗದವರು ಇನ್ನೂ ಇದ್ದಾರೆ. ದೀಪಾವಳಿ ಸುಮಾರಿಗೆ ವಿಜಯಪುರದ ತಾಂಡಾಗಳಿಂದ, ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗ್‌ಗಳು ಬರುತ್ತವೆ. ಜಮಖಂಡಿ, ಮುಧೋಳ, ಅಥಣಿಯ ಹೊಲಗಳ ಬದುವಿನಲ್ಲಿ ತಾಡಪತ್ರಿ ಗುಡಿಸಲು ಏಳುತ್ತವೆ. ಮುಂಗಡ ಕೊಡುವುದು ಗಂಡ-ಹೆಂಡತಿ ಜೋಡಿಗೆ. ಹೆಂಡತಿ ಹೊಲಕ್ಕೆ ಇಳಿಯದ ದಿನ ಜೋಡಿಯ ಲೆಕ್ಕ ಮುರಿಯುತ್ತದೆ. ಹಾಗಾಗಿ ಎಂಟು ತಿಂಗಳ ಬಸುರಿಯೂ ತಲೆ ಮೇಲೆ ಕಬ್ಬಿನ ಹೊರೆ ಹೊತ್ತು ಟ್ರ್ಯಾಕ್ಟರ್ ಏರಿಸುತ್ತಾಳೆ. ಅವಳ ತಾಯಿ ಕಾರ್ಡ್ ಇನ್ನೊಂದು ಜಿಲ್ಲೆಯದೋ, ಇನ್ನೊಂದು ರಾಜ್ಯದ್ದೋ. ಅಂಗನವಾಡಿಯ ಬಿಸಿಯೂಟದ ಪಟ್ಟಿಯಲ್ಲಿ ಅವಳ ಹೆಸರು ಊರಲ್ಲಿ ಇದೆ, ಇಲ್ಲಿ ಇಲ್ಲ. ಒಂದು ಸಲ ಮುಧೋಳ ಕಡೆ ಇಂಥ ಗುಡಿಸಲಿನ ಮುಂದೆ ಒಬ್ಬ ಆಶಾ ಬೈಕಿನಿಂದ ಇಳಿದು, ಮರಾಠಿ ಬಾರದಿದ್ದರೂ ಕೈಸನ್ನೆಯಲ್ಲಿ ಎಷ್ಟು ತಿಂಗಳು ಅಂತ ಕೇಳಿ, ಚೀಲದಿಂದ ಕಬ್ಬಿಣದ ಮಾತ್ರೆಯ ಪಟ್ಟಿ ತೆಗೆದು ಕೊಟ್ಟದ್ದನ್ನು ನೋಡಿದ್ದೇನೆ. ಆ ಹೆಣ್ಣುಮಗಳು ಅವರ ಊರಿನ ಲೆಕ್ಕಕ್ಕೆ ಸೇರಿದವಳಲ್ಲ. ಆದರೂ ಕೊಟ್ಟರು. ಹುಟ್ಟಿದ ಊರಿನ ಪಟ್ಟಿ ಬಿಟ್ಟು, ಬಸುರಿ ಇವತ್ತು ಎಲ್ಲಿದ್ದಾಳೋ ಅಲ್ಲಿಗೆ ದುಡ್ಡು, ಊಟ, ಮಾತ್ರೆ ಹೋಗುವ ಹಾಗೆ ವ್ಯವಸ್ಥೆ ಆಗಬೇಕು. ಆ ಆಶಾ ಅದನ್ನು ತಾವೇ ಮಾಡಿ ತೋರಿಸಿದ್ದರು.

ತಂಗಿಯ ಮಗನಿಗೆ ಮೂರೂವರೆ ತಿಂಗಳ ಲಸಿಕೆ ಹಾಕಿಸಿದ ಕೆಲವು ವಾರದ ಮೇಲೆ ಅಳಿಯನ ಮೊಬೈಲಿಗೆ ಮೆಸೇಜ್ ಬಂತು. 2,000 ಜಮಾ ಆಗಿದೆ ಅಂತ. ಅವನು ದುಡ್ಡು ತೆಗೆದು ಬಸ್ಸು ಹತ್ತಿ ತಂದುಕೊಟ್ಟ. ಅಂಟಿನುಂಡಿ ಮಾಡಲು ಒಣಕೊಬ್ಬರಿ, ಉತ್ತತ್ತಿ ಮತ್ತೆ ತರಬೇಕು ಅಂತ ಚಿಗವ್ವನ ಆಸೆ ಇತ್ತು. ಆದರೆ ಅವತ್ತು ಮಂಗಳವಾರ, ಸಂಘದ ಕಂತಿನ ದಿನ. ಕಾಕಾ ವಹಿ ಹಿಂದಿನಿಂದ ತೆರೆದು, 15,000ದ ಕೆಳಗೆ 'ಜಮಾ 2,000' ಅಂತ ಬರೆದರು.